ಖಾಲಿ ಚೀಲದ ವಾಕಿಂಗು

ಚಿನ್ನೂ, ಗುಂಡ್ಯಾ,

ಮೊನ್ನೆ ನೀವಿಬ್ಬರೂ ಬಾಗಿಲ ಮೆಟ್ಟಿಲ ಮೇಲೆ ಕೂತು ನಗುತ್ತಿದ್ದಿರಿ. ಓಣಿಯವರೆಲ್ಲ ಕೈ ಬೀಸಿಕೊಂಡು ವಾಕಿಂಗಿಗೆ ಹೋಗುತ್ತಾರೆ, ನಮ್ಮ ಅಜ್ಜಿ ಒಬ್ಬಳೇ ಚೀಲ ಹಿಡಿದುಕೊಂಡು ಹೋಗುತ್ತಾಳೆ ಎಂದು. ನಾನು ಒಳಗೆ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡೆ. ಅದಕ್ಕೆ ಒಂದು ಕಾರಣವಿದೆ. ಆದರೆ ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳಲು ನನ್ನಿಂದ ಆಗುವುದಿಲ್ಲ. ನಾಲ್ಕು ಜನ ಸೇರಿದರೆ ನನ್ನ ಮಾತು ಗಂಟಲಲ್ಲೇ ನಿಂತುಬಿಡುತ್ತದೆ, ಆ ನಾಲ್ಕು ಜನ ಮನೆಯವರೇ ಆಗಿದ್ದರೂ ಅಷ್ಟೇ. ಬರೆಯುವುದಾದರೆ ಬರೆಯಬಲ್ಲೆ. ಊರಿನ ಸಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತಿದ್ದೇನೆ, ನನ್ನ ಅಕ್ಷರ ದುಂಡಗಿವೆ ಎಂದು ಮಾಸ್ತರರು ಹೇಳುತ್ತಿದ್ದರು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನಾವು ಕಮರಿಪೇಟೆಯ ಬಾಡಿಗೆ ಮನೆ ಬಿಟ್ಟು ಗೋಕುಲ ರಸ್ತೆಯ ಈ ಕಡೆಯ ಹೊಸ ಮನೆಗೆ ಬಂದೆವು. ಕಮರಿಪೇಟೆಯಲ್ಲಿ ನಾನು ದಿನವಿಡೀ ಕಾಲ ಮೇಲೆಯೇ ಇರುತ್ತಿದ್ದೆ. ಗಿರಣಿ ಒಂದು ತಿರುವಿನಲ್ಲಿ, ಕಿರಾಣಿ ಅಂಗಡಿ ಇನ್ನೊಂದರಲ್ಲಿ, ನೀರು ಬಂದಿತೆಂದರೆ ಕೊಡ ಹಿಡಿದು ಕೆಳಗೆ ಓಡಬೇಕು. ಹೊಸ ಮನೆಯಲ್ಲಿ ಎಲ್ಲವೂ ಒಳಗೇ ಬಂದಿತ್ತು. ನಲ್ಲಿ ತಿರುಗಿಸಿದರೆ ನೀರು, ಡಬ್ಬಿ ತೆಗೆದರೆ ಹಿಟ್ಟು. ನಿಮ್ಮ ಅವ್ವ ಬ್ಯಾಂಕಿಗೆ, ಅಪ್ಪ ಕಾರ್ಖಾನೆಗೆ, ನೀವು ಸಾಲೆಗೆ ಹೋದ ಮೇಲೆ ನಾನು ಮತ್ತು ಟೀವಿ ಇಬ್ಬರೇ. ಅಜ್ಜ ಇಲ್ಲದ ಮನೆ ಅದು. ಮಾತಾಡಿಸುವವರಿಲ್ಲದಾಗ ಶೇಂಗಾದ ಉಂಡಿ ಒಂದು ಜೊತೆಗಾರನ ಹಾಗೆ ಆಗಿಬಿಡುತ್ತದೆ. ಚಹಾದ ಜೊತೆ ಒಂದು, ಟೀವಿಯ ಜೊತೆ ಒಂದು.

ವರ್ಷ ಕಳೆಯುವುದರೊಳಗೆ ಕಾಲು ಜೋಮು ಹಿಡಿಯತೊಡಗಿತು. ನಿಮ್ಮ ಅವ್ವ ರಜೆ ಹಾಕಿ ಡಾಕ್ಟರಬಾಯಿಯ ಹತ್ತಿರ ಕರೆದುಕೊಂಡು ಹೋದಳು. ರಕ್ತ ತೆಗೆದು ನೋಡಿದರೆ ಸಕ್ಕರೆ ಕಾಯಿಲೆ, ಅದೂ ಸಾಕಷ್ಟು ಏರಿತ್ತು. ಡಾಕ್ಟರಬಾಯಿ ಸಣ್ಣ ವಯಸ್ಸಿನವಳು, ನಗುಮೊಗದವಳು.

"ಅಮ್ಮಾರ, ಗುಳಗಿ ಬರದೇನಿ. ಊಟದ್ದು ನಿಮ್ಮ ಸೊಸಿಗೆ ಹೇಳೇನಿ. ಇನ್ನ ನಿಮ್ಮ ಪಾಲಿನ ಕೆಲಸ ಒಂದ ಐತಿ. ದಿನಾ ನಡೀಬೇಕು."

"ಎಲ್ಲಿಗ್ರಿ?" ಎಂದು ಕೇಳಿದೆ.

ಆಕೆ ನಕ್ಕುಬಿಟ್ಟಳು. "ಎಲ್ಲಿಗೂ ಅಲ್ಲ್ರಿ. ಸುಮ್ನ ನಡೀಬೇಕು. ಮೂರು ತಿಂಗಳ ನೋಡೋಣ. ಇಳೀಲಿಲ್ಲ ಅಂದ್ರ ಸೂಜಿ ಸುರು ಮಾಡೂದ."

ಸೂಜಿ ಎಂದ ಕೂಡಲೇ ನಾನು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ. ನೀವು ಸಣ್ಣವರಿದ್ದಿರಿ, ನಿಮಗೆ ನೆನಪಿರಲಿಕ್ಕಿಲ್ಲ. ನಿಮ್ಮ ಅಜ್ಜನಿಗೆ ಎಷ್ಟೋ ವರ್ಷ ಊಟಕ್ಕೆ ಮುಂಚೆ ನಾನೇ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚುತ್ತಿದ್ದೆ. ಅವರು ಅಂಗಿ ಮೇಲೆತ್ತಿ ಹೊಟ್ಟೆ ಮುಂದೆ ಮಾಡಿ, "ಹೂಂ, ಬಾರವಾ ಡಾಕ್ಟರಬಾಯಿ, ಫೀ ಎಷ್ಟು?" ಎನ್ನುತ್ತಿದ್ದರು. ಅವರಿಗೆ ನಾಚಿಕೆ ಎನ್ನುವುದೇ ಗೊತ್ತಿರಲಿಲ್ಲ. ಆದರೆ ನಾನು? ಸೆರಗು ಸರಿಸಿ ಯಾರ ಮುಂದೆ ನಿಲ್ಲಲಿ? ಹೆರಿಗೆಯ ಹೊತ್ತಿನಲ್ಲೂ ಸೆರಗು ಬಿಗಿಯಾಗಿ ಹಿಡಿದುಕೊಂಡು ಸೂಲಗಿತ್ತಿಯ ಹತ್ತಿರ ಬೈಸಿಕೊಂಡವಳು. ದಿನಾ ಬೆಳಿಗ್ಗೆ ಬ್ಯಾಂಕಿನ ಗಡಿಬಿಡಿಯಲ್ಲಿ ಸೊಸೆ ಬಂದು ನನ್ನ ಹೊಟ್ಟೆ ನೋಡುವುದನ್ನು ನೆನೆದರೆ ಮೈ ಬೆವರುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ಬರುವಾಗ ಆಟೋದಲ್ಲೇ, ನಡೆಯಬೇಕು, ಸೂಜಿ ತಪ್ಪಿಸಿಕೊಳ್ಳಬೇಕು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಗಟ್ಟಿ ಮಾಡಿಕೊಳ್ಳುವುದು ಸುಲಭ. ನಡೆಯುವುದು ಕಷ್ಟ.

ಕಷ್ಟ ಕಾಲಿನದಲ್ಲ. ನನ್ನ ತವರು ಗರಗದ ಕಡೆಯ ಒಂದು ಹಳ್ಳಿ. ಅಲ್ಲಿ ನಾನು ನಡೆದಷ್ಟು ಈಗಿನವರು ಯಾರೂ ನಡೆದಿರಲಿಕ್ಕಿಲ್ಲ. ಆದರೆ ಒಂದು ದಿನವೂ ಬರಿಗೈಯಲ್ಲಿ ನಡೆದವಳಲ್ಲ. ತಲೆಯ ಮೇಲೆ ಕೊಡ, ಇಲ್ಲವೇ ಹುಲ್ಲಿನ ಹೊರೆ, ಇಲ್ಲವೇ ಹೊಲಕ್ಕೆ ಒಯ್ಯುವ ಬುತ್ತಿ. ಏನೂ ಇಲ್ಲದಿದ್ದರೆ ಸೊಂಟದ ಮೇಲೆ ಯಾರದಾದರೂ ಕೂಸು. ಹೆಣ್ಣುಮಗಳೊಬ್ಬಳು ಕೈ ಬೀಸಿಕೊಂಡು ಹೊರಟರೆ ಕಟ್ಟೆಯ ಮೇಲೆ ಕೂತವರು, "ಮನ್ಯಾಗ ಜಗಳಾಡಿ ಹೊಂಟಾಳ ನೋಡ್ರಿ" ಎಂದು ತೀರ್ಮಾನ ಮಾಡಿಬಿಡುತ್ತಿದ್ದರು. ಇಲ್ಲಿ ನೋಡಿದರೆ ಬೆಳಗಾದರೆ ಗಂಡಸರು ಹೆಂಗಸರು ಬಿಳಿ ಬೂಟು ಹಾಕಿಕೊಂಡು ಹೊರಟ ಮನೆಗೇ ಮರಳಿ ಬಂದು ಮುಟ್ಟುತ್ತಾರೆ, ಕೈಯಲ್ಲಿ ಏನೂ ಇಲ್ಲ!

ನಿಮ್ಮ ಅಪ್ಪ ನನಗೂ ಬಿಳಿ ಬೂಟು ತಂದ. ಅವನ್ನು ಪೆಟ್ಟಿಗೆಯ ಸಮೇತ ಮಂಚದ ಕೆಳಗೆ ಸರಿಸಿ, ಮೊದಲ ದಿನ ಚಪ್ಪಲಿ ಹಾಕಿಕೊಂಡು ಗೇಟು ತೆರೆದೆ. ಎದುರು ಮನೆಯ ಅಕ್ಕಾರು ಕುರ್ಚಿ ಹಾಕಿಕೊಂಡು ತಮ್ಮ ಗೇಟಿನ ಬಳಿ ಕೂತಿದ್ದರು. ನಿಮಗೆ ಗೊತ್ತಲ್ಲ, ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಮೊಣಕಾಲು ನೋವಿನವರು, ನನ್ನನ್ನು ಅತ್ತಿಗೆಯ ಹಾಗೆ ವೈನೀ ಎನ್ನುವವರು. ಅವರ ದನಿ ಇಂದಿಗೂ ಕೊನೆಯ ಬೆಂಚಿಗೆ ಮುಟ್ಟುವ ದನಿ.

"ವೈನೀ, ದೂರ ಹೊಂಟೀರೇನ್ರಿ?"

ಚಿನ್ನೂ, ನಿನಗೆ ಇದು ಗೊತ್ತಿದೆ. ನಮ್ಮ ಕಡೆ ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಅದಕ್ಕೆ "ದೂರ ಹೊರಟಿರೇನು" ಎನ್ನುತ್ತೇವೆ. ಕೇಳಿಸಿಕೊಂಡವರು ಇಂಥಲ್ಲಿಗೆ, ಇಂಥ ಕೆಲಸಕ್ಕೆ ಎಂದು ತಾವಾಗಿಯೇ ಹೇಳಬೇಕು. ನಾನು ಏನು ಹೇಳಲಿ? ಎಲ್ಲಿಗೂ ಇಲ್ಲ ಎನ್ನಲೇ? ವಾಕಿಂಗಿಗೆ ಎನ್ನಲೇ? ಆ ಮಾತು ನನ್ನ ಬಾಯಿಂದ ಹೊರಬೀಳಲಿಲ್ಲ, ಬೇರೆಯವರ ಸೀರೆ ಉಟ್ಟುಕೊಂಡ ಹಾಗೆ ಅನ್ನಿಸಿತು. "ಇಲ್ರಿ... ಗೇಟು ಹಾಕೇತೋ ಇಲ್ಲೋ ನೋಡಾಕ ಬಂದಿದ್ದೆ" ಎಂದು ಗೇಟು ಹಾಕಿಕೊಂಡು ಒಳಗೆ ಬಂದುಬಿಟ್ಟೆ. ಮೊದಲ ದಿನದ ವಾಕಿಂಗು ಅಷ್ಟಕ್ಕೇ ಮುಗಿಯಿತು.

ಮರುದಿನ ಬುದ್ಧಿ ಉಪಯೋಗಿಸಿದೆ. ಸೀರೆ ಅಂಗಡಿಯವರು ಕೊಟ್ಟ ಬಟ್ಟೆಯ ಚೀಲ ಅಡುಗೆಮನೆಯ ಮೊಳೆಗೆ ತೂಗುಹಾಕಿತ್ತು. ಅದನ್ನು ಕೈಯಲ್ಲಿ ಹಿಡಿದೆ. ಹಿಡಿದ ಕೂಡಲೇ ಬೆನ್ನು ನೆಟ್ಟಗಾಯಿತು ನೋಡಿ.

"ದೂರ ಹೊಂಟೀರೇನ್ರಿ ವೈನೀ?"

"ಇಲ್ಲೇರಿ, ಕಾಯಿಪಲ್ಯಾ ತರಾಕ."

ತಿರುವಿನವರೆಗೆ ಹೋದೆ. ಅಲ್ಲಿಂದ ಅಕ್ಕಾರಿಗೆ ಕಾಣದ ಇನ್ನೊಂದು ಓಣಿಯಲ್ಲಿ ಎರಡು ಸಲ ಆ ಕಡೆ ಈ ಕಡೆ ನಡೆದೆ. ಮರಳುವಾಗ ಒಂದು ತೊಂದರೆ ಹೊಳೆಯಿತು. ಚೀಲ ಖಾಲಿ ಇತ್ತು. ಯಾರದೋ ಕಂಪೌಂಡಿನ ಬೇವಿನ ಟೊಂಗೆ ರಸ್ತೆಗೆ ಬಾಗಿತ್ತು. ಎರಡು ಹಿಡಿ ಎಲೆ ಹರಿದು ಚೀಲ ಉಬ್ಬಿಸಿಕೊಂಡು ಬಂದೆ.

"ಏನ್ ತಂದ್ರಿ?"

"ಛಲೋದು ಏನೂ ಸಿಗಲಿಲ್ರಿ."

ಹೀಗೆ ಮೂರು ನಾಲ್ಕು ದಿನ ನಡೆಯಿತು. ನಿಜ ಹೇಳಬೇಕೆಂದರೆ ಆ ನಡಿಗೆ ನಡಿಗೆಯೇ ಅಲ್ಲ. ಓಣಿಯಲ್ಲಿ ಯಾರೂ ನೋಡುತ್ತಿಲ್ಲವೆಂದರೆ ಕಟ್ಟೆಯ ಮೇಲೆ ಕೂತು ಹೊತ್ತು ಕಳೆದು ಬರುತ್ತಿದ್ದೆ. ಕಾಲಿಗೆ ಏನು ಹೇಳಿ ಎಬ್ಬಿಸಬೇಕು ಎಂದು ನನಗೇ ತಿಳಿಯುತ್ತಿರಲಿಲ್ಲ. ಇಂಥದರಲ್ಲಿ ಒಂದು ಬೆಳಿಗ್ಗೆ ಅಕ್ಕಾರು ಕುರ್ಚಿಯಿಂದಲೇ ಕೂಗಿದರು.

"ವೈನೀ, ಹೆಂಗಾರ ಹೊಂಟೇ ಹೊಂಟೀರಿ, ನನಗೂ ಒಂದು ಸಿವುಡು ಮೆಂತೆ ತರ್ರಿ. ಇವತ್ತ ಪಲ್ಯಾಕ್ಕ ಏನೂ ಇಲ್ಲ ಮನ್ಯಾಗ. ಬಲಿತದ್ದು ಬ್ಯಾಡ ಮತ್ತ, ಎಳೀದು ನೋಡಿ ತರ್ರಿ."

ಬೇವಿನ ಎಲೆ ಕೊಟ್ಟು ಮೆಂತೆ ಎನ್ನಲು ಬರುತ್ತದೆಯೇ? ಹಳ್ಳಿಯಿಂದ ತರಕಾರಿ ತರುವ ಹೆಂಗಸರು ಕೂರುವುದು ಗೋಕುಲ ರಸ್ತೆಯ ಮೂಲೆಯಲ್ಲಿ, ಮನೆಯಿಂದ ಒಳ್ಳೆಯ ದೂರ. ಹೋದೆ. ದಾರಿಯಲ್ಲಿ ಎರಡು ಕಡೆ ನಿಂತು ಉಸಿರು ಎಳೆದುಕೊಂಡೆ. ಆದರೆ ಕೂರಲಿಲ್ಲ. ತಡವಾದರೆ ಅಕ್ಕಾರ ಮನೆಯ ಪಲ್ಯ ತಡವಾಗುತ್ತದೆ.

ಆ ಮೂಲೆಗೆ ಹೋಗಿ ನಿಂತೆನೋ ಇಲ್ಲವೋ, ನನಗೆ ತವರಿನ ಸಂತೆಗೆ ಬಂದ ಹಾಗಾಯಿತು. ಗೋಣಿತಾಟಿನ ಮೇಲೆ ಮೆಂತೆ, ಕೊತ್ತಂಬರಿ, ಪುಂಡಿಪಲ್ಯ, ರಾಜಗಿರಿ, ನೀರು ಚಿಮುಕಿಸಿ ಒಟ್ಟಿದ್ದರು. ಅವುಗಳ ಹಿಂದೆ ನನ್ನಷ್ಟೇ ವಯಸ್ಸಿನ ಒಬ್ಬಳು ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ನಾನು ಒಂದೊಂದೇ ಸಿವುಡು ಎತ್ತಿ ಬೇರು ನೋಡುವುದನ್ನು ಕಂಡು, "ಯಾ ಊರಾಕಿ ಯವ್ವಾ ನೀ? ಪ್ಯಾಟಿಯಾಕಿ ಅಲ್ಲ ಬಿಡು" ಎಂದಳು. ಹೇಳಿದೆ. ಆಕೆಯ ಅಕ್ಕನನ್ನು ನಮ್ಮ ಪಕ್ಕದ ಊರಿಗೆ ಕೊಟ್ಟಿದ್ದಾರಂತೆ! ನನಗೆ ಗೊತ್ತಿಲ್ಲದ ಹೆಂಗಸಿನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಎಷ್ಟು ವರ್ಷಗಳ ಮೇಲೋ.

ಅಕ್ಕಾರು ಮೆಂತೆ ಮೂಸಿ ನೋಡಿ, "ಭೇಷ್!" ಎಂದರು, ಲೆಕ್ಕ ಸರಿ ಮಾಡಿದ ಹುಡುಗಿಗೆ ಹೇಳಿದ ಹಾಗೆ. ಅಂದು ಮಧ್ಯಾಹ್ನ ನಾನು ಟೀವಿಯನ್ನು ಹಚ್ಚುವುದನ್ನೇ ಮರೆತು ಮಲಗಿ ನಿದ್ದೆ ಹೋದೆ.

ಮರುದಿನ ಅಕ್ಕಾರಿಗೆ ಕೊತ್ತಂಬರಿ ಬೇಕಿತ್ತು. ಅದರ ಮರುದಿನ ಅವರ ಪಕ್ಕದ ಮನೆಯ ಬಾಣಂತಿಗೆ ಸಬ್ಬಸಗಿ ಬೇಕಿತ್ತು. ಹಾಲು ಹೆಚ್ಚಲಿ ಎಂದು ಅವಳ ತಾಯಿ ಹೇಳಿಕಳಿಸಿದ್ದಳು. ಮೂಲೆಯ ಮನೆಯ ಮುದುಕರಿಗೆ ಹಲ್ಲಿಲ್ಲ, ಅವರಿಗೆ ಎಳೆಯ ಹೀರೇಕಾಯಿ. ಯಾರಿಗೆ ಏನು ಎಂದು ನೆನಪಿಟ್ಟುಕೊಳ್ಳುತ್ತ ಹೋಗುವಾಗ ಕಾಲು ತಾನಾಗಿಯೇ ಮುಂದೆ ಹೋಗುತ್ತಿತ್ತು. ಮೊದಲು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ ಎರಡು ಜಾಗ ಒಂದಾಯಿತು, ಆಮೇಲೆ ಅದೂ ಇಲ್ಲವಾಯಿತು.

ಬಿಳಿ ಬೂಟಿನವರೂ ದಾರಿಯಲ್ಲಿ ಸಿಗುತ್ತಿದ್ದರು. ಅವರಲ್ಲಿ ಒಬ್ಬರಿಗೆ ಕೈಗಡಿಯಾರ ನೋಡುವುದೇ ಕೆಲಸ. ಎಷ್ಟು ಹೆಜ್ಜೆ ಆಯಿತೆಂದು ಅದು ಹೇಳುತ್ತದಂತೆ. ಒಂದು ದಿನ ನನ್ನನ್ನೂ ಕೇಳಿದರು.

"ಅಮ್ಮಾರ, ಎಷ್ಟಾತ್ರಿ ಇವತ್ತ ನಿಮ್ಮದು?"

ನಾನು ಚೀಲ ನೋಡಿಕೊಂಡು, "ಎರಡು ಸಿವುಡು ಮೆಂತೇರಿ, ಒಂದು ಕೊತ್ತಂಬರಿ" ಎಂದೆ.

ಅವರು ನಿಂತು ನಕ್ಕದ್ದೇ ನಕ್ಕದ್ದು. ನನಗೆ ನಾಚಿಕೆಯಾಗಿ ಸೆರಗು ಬಾಯಿಗೆ ಹಿಡಿದು ಬೇಗ ಬೇಗ ನಡೆದೆ. ಅವತ್ತು ಎಂದಿಗಿಂತ ಲಗುಬಗೆಯಿಂದ ಮನೆ ಮುಟ್ಟಿದೆ.

ಗುಂಡ್ಯಾ, ಆ ದಿನಗಳಲ್ಲಿ ನೀನು ನನಗೆ ಕೊಟ್ಟ ಕಾಟವನ್ನೂ ಬರೆಯಬೇಕು. ನಾನು ಚಪ್ಪಲಿ ಮೆಟ್ಟುವುದಕ್ಕೂ ನೀನು ಹಲ್ಲುಜ್ಜುತ್ತ ಬಂದು "ಅಜ್ಜೀ, ಎಲ್ಲಿಗೆ?" ಎನ್ನುವುದಕ್ಕೂ ಸರಿಹೋಗುತ್ತಿತ್ತು. ಆಗ ನಾನು ಚೀಲ ಕೆಳಗಿಟ್ಟು, ಒಳಗೆ ಬಂದು, ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಅಷ್ಟರಲ್ಲಿ ನೀನು ಬಾಯಿ ತೊಳೆದುಕೊಂಡು ಬಂದು ಮತ್ತೆ "ಎಲ್ಲಿಗೆ?" ಕಡೆಗೆ ನಿನಗೆ "ದೂರ ಹೊಂಟೀರೇನ್ರಿ" ಎನ್ನಲು ಕಲಿಸಿದೆ. ಆಮೇಲೆ ನೀನು ಹಾಲಿನವನನ್ನೂ ಕೇಳಿದೆ, ಪೇಪರಿನವನನ್ನೂ ಕೇಳಿದೆ, ಬಚ್ಚಲಿಗೆ ಹೊರಟ ನಿಮ್ಮ ಅಪ್ಪನನ್ನೂ ಕೇಳಿದೆ.

ಮಳೆಗಾಲ ಹಿಡಿಯಿತು. ಡಾಕ್ಟರಬಾಯಿ ಹೇಳಿದ ಮೂರು ತಿಂಗಳಲ್ಲಿ ಸ್ವಲ್ಪವೇ ಉಳಿದಿತ್ತು. ಮನೆಯಲ್ಲಿ ನಿಮ್ಮ ಅವ್ವ ವಾರಕ್ಕೊಮ್ಮೆ ನನ್ನ ಬೆರಳು ಚುಚ್ಚಿ ಯಂತ್ರದಲ್ಲಿ ನೋಡುತ್ತಿದ್ದಳು. ಸಕ್ಕರೆ ಮೆಲ್ಲಗೆ ಇಳಿಯುತ್ತಿತ್ತು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಆಗಲೇ ಒಂದು ಬೆಳಿಗ್ಗೆ ಕೆಸರಿನಲ್ಲಿ ಚಪ್ಪಲಿ ಜಾರಿ ಬಿದ್ದೆ. ಮೊಣಕೈ ತರಚಿತು, ಪಾಪ, ಬಾಣಂತಿಯ ಸಬ್ಬಸಗಿ ಗಟಾರಕ್ಕೆ ಹೋಯಿತು. ಗಡಿಯಾರದವರೇ ಎಬ್ಬಿಸಿ ಮನೆಯವರೆಗೆ ಬಂದು ಬಿಟ್ಟರು.

ನಿಮ್ಮ ಅಪ್ಪ ಅದನ್ನು ನೋಡಿ ಬಿಳಿಚಿಕೊಂಡ.

"ಅವ್ವಾ, ಸಾಕಿನ್ನ. ಕಾಯಿಪಲ್ಯಾ ಫೋನಿನ್ಯಾಗ ಹೇಳಿದ್ರ ಮನಿಗೇ ಬರ್ತೈತಿ. ಓಣಿಯವ್ರಿಗೂ ತೋರಿಸಿ ಕೊಡ್ತೇನಿ. ನೀ ಮಾಳಿಗಿ ಮ್ಯಾಲ ನಡಿ, ಅಲ್ಲೆ ಕೆಸರಿಲ್ಲ, ಗಾಡಿ ಇಲ್ಲ."

ಅವನದು ತಪ್ಪೆಂದು ನಾನು ಹೇಳುವುದಿಲ್ಲ. ತಂದೆಯನ್ನು ಕಳೆದುಕೊಂಡ ಮಗ, ತಾಯಿ ಬಿದ್ದಳೆಂದರೆ ಇನ್ನೇನು ಹೇಳಿಯಾನು? ನಾನು ಎಂದಿನಂತೆ "ಹೂಂನಪಾ" ಎಂದೆ. ಚೀಲ ಮತ್ತೆ ಮೊಳೆಗೆ ಹೋಯಿತು.

ಮಾಳಿಗೆಯ ಮೇಲೆ ಮಳೆ ನಿಂತ ಹೊತ್ತು ನೋಡಿ ನಡೆದೆ. ನೀರಿನ ಟಾಕಿ ಸುತ್ತಿ, ಬಟ್ಟೆ ಹಾಕುವ ತಂತಿಯ ಕೆಳಗೆ ಬಗ್ಗಿ, ಮತ್ತೆ ಟಾಕಿ. ಗಾಣದ ಎತ್ತಿಗಾದರೂ ಒಂದಿಷ್ಟು ಎಣ್ಣೆ ಹೊರಟಿತೆನ್ನುವ ಸಮಾಧಾನ ಇರುತ್ತದೆ. ನನಗೆ ನಾಲ್ಕು ಸುತ್ತಿಗೆ ಬೇಸರ ಬಂದು ಟಾಕಿಯ ಮಗ್ಗುಲಲ್ಲಿ ಕೂತುಬಿಡುತ್ತಿದ್ದೆ. ಕೆಳಗೆ ಇಳಿದು ಬಂದು ಚಹಾ, ಚಹಾದ ಜೊತೆ ಮತ್ತೆ ಆ ಉಂಡಿ ಡಬ್ಬಿಯ ನೆನಪು. ಆ ವಾರ ನಿಮ್ಮ ಅವ್ವ ಬೆರಳು ಚುಚ್ಚಿ ನೋಡಿದವಳು, "ಅತ್ತಿ, ಮತ್ತ ಏರೈತ್ರಿ" ಎಂದು ಸಣ್ಣಗೆ ಹೇಳಿದಳು. ಆಕೆ ಯಂತ್ರದ ಡಬ್ಬಿ ಮುಚ್ಚುವುದನ್ನೇ ನೋಡುತ್ತ ಕೂತೆ. ಮುಂದೆ ಅದೇ ಕೈಯಲ್ಲಿ ಸೂಜಿ ಹಿಡಿದು ನಿಲ್ಲುತ್ತಾಳೆ ಎನ್ನಿಸಿತು.

ಅದಾದ ಎರಡು ದಿನಕ್ಕೆ ಆದಿತ್ಯವಾರ. ನಿಮ್ಮ ಅಪ್ಪ ಚಹಾ ಕುಡಿಯುತ್ತಿದ್ದ. ಎದುರು ಮನೆಯ ಅಕ್ಕಾರು ಕೋಲು ಊರಿಕೊಂಡು ನೆಟ್ಟಗೆ ಒಳಗೇ ಬಂದರು. ಕೈಯಲ್ಲಿ ಮೆಂತೆಸೊಪ್ಪಿನ ಪ್ಲಾಸ್ಟಿಕ್ ಪೊಟ್ಟಣ.

"ಏನ್ರಿ ವೈನೀ, ನನ್ನ ಮ್ಯಾಲ ಸಿಟ್ಟಾಗೀರೇನು? ದಿನಾ ಗೇಟಿನ್ಯಾಗ ಕೂತ ದಾರಿ ನೋಡಾಕತ್ತೇನಿ."

ನಾನು ಏನಾದರೂ ಹೇಳುವ ಮೊದಲೇ ನಿಮ್ಮ ಅಪ್ಪ ಹೇಳಿದ. "ಅಕ್ಕಾರ, ಅವ್ವ ಬಿದ್ದಿದ್ಲರಿ. ಅದಕ್ಕ ನಾನ ಬ್ಯಾಡ ಅಂದೇನಿ. ನಿಮಗ ಫೋನಿನ್ಯಾಗ ತರಸೂದು ತೋರಿಸಿ ಕೊಟ್ಟೇನಲ್ಲರಿ?"

"ತೋರಿಸಿದಿಯಪ್ಪಾ, ತೋರಿಸಿದಿ. ತರಿಸೇನಿ, ನೋಡಿಲ್ಲೆ!" ಅಕ್ಕಾರು ಪೊಟ್ಟಣವನ್ನು ಅವನ ಚಹಾದ ಬಟ್ಟಲಿನ ಪಕ್ಕದಲ್ಲೇ ಕುಕ್ಕಿದರು. "ಎಲಿ ಎಷ್ಟ ಅದಾವ ಎಣಿಸು. ಬರೇ ದಂಟು. ಒಳಗ ಬೆವತು ಕೂತಾವು, ಪರೀಕ್ಷಾಕ್ಕ ಕೂತ ಹುಡುಗೂರ ಗತೆ."

ನಿಮ್ಮ ಅವ್ವ ಅಡುಗೆಮನೆಯಲ್ಲಿ ಫಕ್ಕನೆ ನಕ್ಕಳು. ನಿಮ್ಮ ಅಪ್ಪನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನೀವಿಬ್ಬರು ಇನ್ನೂ ಎದ್ದಿರಲಿಲ್ಲ, ಆದರೂ ನನ್ನನ್ನು ಸೇರಿಸಿ ನಾಲ್ಕು ಜನ. ಆದರೆ ಆ ಹೊತ್ತಿನಲ್ಲಿ ಸುಮ್ಮನಿದ್ದರೆ ಸೂಜಿ ನಿಶ್ಚಿತ ಎಂದು ನನಗೆ ಗೊತ್ತಿತ್ತು.

"ನಾಳಿಂದ ನಾ ಹೋಗ್ತೇನಿ" ಎಂದೆ.

"ಎಲ್ಲಿಗೆ?" ಎಂದ ನಿಮ್ಮ ಅಪ್ಪ.

"ಎಲ್ಲಿಗೆ ಅನಬ್ಯಾಡೋ ತಮ್ಮಾ!" ಎಂದು ಅಕ್ಕಾರು ಕೂಗಿದರು.

ನನಗೆ ನಗು ಬಂದಿತು. ನಗು ಬಂದದ್ದರಿಂದಲೋ ಏನೋ ಮಾತೂ ಬಂದಿತು. "ಮಾಳಿಗಿ ಮ್ಯಾಲ ನನ್ನ ಕಾಲ ನಡೀವಲ್ವು ಅಪ್ಪಾ. ಅಲ್ಲೆ ಯಾರೂ ನನ್ನ ದಾರಿ ನೋಡೂದುಲ್ಲ. ನೀ ತಂದ ಬೂಟು ಹಾಕ್ಕೋತೇನಿ, ಮಳಿ ಜೋರಾದ್ರ ನಿಲ್ಲತೇನಿ. ಆದ್ರ ಹೋಗ್ತೇನಿ."

ಇಷ್ಟುದ್ದ ಮಾತನ್ನು ನಾನು ಅವನ ಮದುವೆಯ ಹೊತ್ತಿನಲ್ಲೂ ಆಡಿರಲಿಲ್ಲ. ಅವನು ಎದ್ದು ಮಂಚದ ಕೆಳಗಿನಿಂದ ಬೂಟಿನ ಪೆಟ್ಟಿಗೆ ತಂದ. ಧೂಳು ಒರೆಸಿ, ಕೆಳಗೆ ಕೂತು ನನ್ನ ಕಾಲಿಗೆ ತಾನೇ ಹಾಕಿದ, ದಾರ ಕಟ್ಟಿದ. ಅವನು ಸಣ್ಣವನಿದ್ದಾಗ ನಾನು ಅವನಿಗೆ ಸಾಲೆಯ ಬೂಟು ಹಾಕುತ್ತಿದ್ದ ರೀತಿಯಲ್ಲೇ ನಾಲಿಗೆ ಹೊರಗೆ ಚಾಚಿಕೊಂಡು ಕಟ್ಟುತ್ತಿದ್ದ. ಸೀರೆಯ ಕೆಳಗೆ ಬಿಳಿ ಬೂಟು! ಅಕ್ಕಾರು ನೋಡಿ, "ಪೊಲೀಸ್ ಬಾಯಿ ಕಂಡಂಗ ಕಾಣಾಕತ್ತೀರಿ, ಇನ್ನ ಯಾರೂ ನಿಮಗ ಬಾಡಿದ್ದು ಕೊಡೂದುಲ್ಲ ಬಿಡ್ರಿ" ಎಂದರು.

ಮರುದಿನ ಅವರೂ ಕೋಲು ಊರಿಕೊಂಡು ನನ್ನ ಜೊತೆ ತಿರುವಿನವರೆಗೆ ಬಂದರು. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಒಂದು ಮಾತು ಅವರನ್ನು ಅಂದು ಕೇಳಿದೆ. ಅಕ್ಕಾರು ಎಷ್ಟು ಹುಡುಗರ ಸುಳ್ಳು ಹಿಡಿದವರು. ನನ್ನ ಚೀಲದಲ್ಲಿ ಇರುವುದು ಬೇವಿನ ಎಲೆ ಎಂದು ಅವರಿಗೆ ತಿಳಿದಿರಬೇಕು, ನನ್ನ ಮೇಲೆ ಕರುಣೆ ಬಂದು ಬೇಕೆಂತಲೇ ಮೆಂತೆ ಹೇಳಿರಬೇಕು ಎಂದು ನಾನು ಲೆಕ್ಕ ಹಾಕಿದ್ದೆ.

"ಅಕ್ಕಾರ, ಆವತ್ತ ಮೆಂತೆ ತರ್ರಿ ಅಂದ್ರಲ್ಲ, ನನ್ನ ಚೀಲ ಖಾಲಿ ಅಂತ ನಿಮಗ ಗೊತ್ತಿತ್ತಲ್ಲರಿ?"

ಅವರು ನಿಂತೇಬಿಟ್ಟರು. "ಖಾಲಿ? ಯಾವಾಗ?"

ಎಲ್ಲವನ್ನೂ ಹೇಳಬೇಕಾಯಿತು. ಓಣಿಯ ಕಟ್ಟೆ, ಬೇವಿನ ಟೊಂಗೆ, ಎಲ್ಲ. ಅಕ್ಕಾರು ಕೋಲಿನ ಮೇಲೆ ಭಾರ ಹಾಕಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಅಯ್ಯ ನಿಮ್ಮ ವೈನೀ! ನನಗೇನ ಗೊತ್ತರಿ? ನನಗ ಖರೇನ ಮೆಂತೆ ಬೇಕಾಗಿತ್ತು. ಮನಿಯವ್ರು ಮೂರು ದಿನ ಆಲೂಗಡ್ಡಿ ತಿಂದ ಮುಖ ಸಿಂಡರಿಸಿದ್ರು. ನಿಮ್ಮ ಕೈಯಾಗ ಚೀಲ ಕಂಡಿತು, ಹೇಳಿದ್ನಿ. ಅಷ್ಟ!"

ಮಕ್ಕಳೇ, ಆ ಮಾತು ಕೇಳಿ ನನಗೆ ಆದ ಸಂತೋಷವನ್ನು ಹೇಗೆ ಬರೆಯಲಿ? ಅವರು ಕನಿಕರಪಟ್ಟು ನನಗೆ ಕೆಲಸ ಕೊಟ್ಟಿದ್ದಾರೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಹಾಗಲ್ಲ, ಅವರಿಗೆ ಮೆಂತೆ ನಿಜವಾಗಿ ಬೇಕಿತ್ತು, ನಾನು ತರದಿದ್ದರೆ ಆ ದಿನ ಅವರ ಮನೆಯಲ್ಲಿ ಆಲೂಗಡ್ಡೆಯೇ ಆಗುತ್ತಿತ್ತು! ಅಜ್ಜ ಹೋದ ಮೇಲೆ ನನ್ನಿಂದ ಯಾರಿಗೆ ಏನಾಗಬೇಕಿದೆ ಎಂದು ನಾನು ಒಬ್ಬಳೇ ಕೂತು ಎಷ್ಟೋ ಸಲ ಯೋಚಿಸಿದ್ದುಂಟು. ಆ ಬೆಳಿಗ್ಗೆ ಬೂಟಿನ ಕಾಲು ನೆಲಕ್ಕೆ ತಾಗಿತೋ ಇಲ್ಲವೋ, ನಾನು ಮೂಲೆ ಮುಟ್ಟಿದ್ದೆ. ತರಕಾರಿಯವಳು ನನ್ನ ಕಾಲು ನೋಡಿ, "ಎಬೇ ಯವ್ವಾ, ಸಾಲಿಗೆ ಹೊಂಟೀಯೇನ?" ಎಂದು ಛೇಡಿಸಿದಳು. ನಾನೂ ಬಿಡಲಿಲ್ಲ, "ಹೂಂ, ಎಂಟನೇ ಇಯತ್ತೆ ಸುರು ಮಾಡೇನಿ" ಎಂದೆ.

ಮೂರು ತಿಂಗಳು ತುಂಬಿತು. ರಕ್ತ ಕೊಟ್ಟು ಬಂದ ರಾತ್ರಿ ನಾನು ಊಟ ಸರಿಯಾಗಿ ಮಾಡಲಿಲ್ಲ. ಮರುದಿನ ಡಾಕ್ಟರಬಾಯಿಯ ಎದುರಿನ ಕುರ್ಚಿಯಲ್ಲಿ ಸೆರಗನ್ನು ಹೊಟ್ಟೆಯ ಮೇಲೆ ಎರಡು ಸುತ್ತು ಸುತ್ತಿಕೊಂಡು ಕೂತೆ. ಆಕೆ ಕಾಗದವನ್ನು ಮೇಲಿಂದ ಕೆಳಗೆ ಓದಿದಳು. ಮತ್ತೆ ಮೇಲಿಂದ ಓದಿದಳು.

"ಇಳದೈತ್ರಿ ಅಮ್ಮಾರ. ಇನ್ನೂ ಇಳೀಬೇಕು, ಆದ್ರ ಛಲೋ ಇಳದೈತಿ. ಸದ್ಯಕ್ಕ ಸೂಜಿ ಬ್ಯಾಡ. ಏನ್ ಮಾಡಿದ್ರಿ ಹೇಳ್ರಿ?"

ಸಂತೋಷಕ್ಕೆ ನನ್ನ ಬಾಯಿಗೆ ಬಂದದ್ದು ಒಂದೇ ಮಾತು. "ಮೆಂತೇರಿ."

ಆಕೆಯ ಮುಖದ ನಗು ಹೋಯಿತು. "ಮೆಂತೆಕಾಳು ನೆನಸಿದ ನೀರು ಕುಡದ್ರೇನು? ಅದನ್ನ ನಂಬಿ ಗುಳಗಿ ಬಿಟ್ಟೀರೇನ ಮತ್ತ? ಎಷ್ಟ ಜನಕ್ಕ ಹೇಳೂದ್ರಿ ನಾನು? ಒಬ್ರು ಮೆಂತೆ, ಒಬ್ರು ಹಾಗಲಕಾಯಿ, ಗುಳಗಿ ಮಾತ್ರ ಡಬ್ಬಿಯಾಗ!"

ನಾನು ಬೈಸಿಕೊಳ್ಳುತ್ತ ತಲೆ ಅಲ್ಲಾಡಿಸಿದೆ, ಇಲ್ಲವೆಂದೋ ಹೌದೆಂದೋ ನನಗೇ ಗೊತ್ತಿಲ್ಲ. ನಿಮ್ಮ ಅವ್ವ ನಗು ತಡೆದುಕೊಂಡು ಹೇಳಿದಳು. "ಇಲ್ರಿ ಮೇಡಂ, ಗುಳಗಿ ಒಂದಿನಾ ತಪ್ಪಿಸಿಲ್ಲ. ನಮ್ಮ ಅತ್ತಿ ಮೆಂತೆ ತಿಂದಿಲ್ರಿ, ಹೊತ್ತಾರ." ಆಮೇಲೆ ಇಡೀ ಕಥೆಯನ್ನು ಆಕೆಯೇ ಹೇಳಿದಳು. ನಾನು ಹೇಳಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಡಾಕ್ಟರಬಾಯಿ ಹೊರಗೆ ಕಾಯುವವರು ಇಣುಕಿ ನೋಡುವಷ್ಟು ನಕ್ಕಳು. ಹೊರಡುವಾಗ ಬಾಗಿಲವರೆಗೆ ಬಂದು ಮೆಲ್ಲಗೆ, "ಅಮ್ಮಾರ, ನಮ್ಮ ಮನೀನೂ ಗೋಕುಲ ರಸ್ತೇದಾಗ ಐತ್ರಿ" ಎಂದಳು. ಆಕೆಗೆ ಪುಂಡಿಪಲ್ಯವೆಂದರೆ ಪ್ರಾಣವಂತೆ.

ಇದು ಆಗಿ ಈಗ ಸಾಕಷ್ಟು ದಿನವಾಯಿತು. ಸಕ್ಕರೆ ಒಂದು ಸಲ ಏರುತ್ತದೆ, ಒಂದು ಸಲ ಇಳಿಯುತ್ತದೆ. ಪೂರ್ತಿ ಹೋಗುವ ಕಾಯಿಲೆ ಅದಲ್ಲ. ಮುಂದೊಂದು ದಿನ ಸೂಜಿ ಬೇಕೇ ಆಗಬಹುದು ಎಂದು ಡಾಕ್ಟರಬಾಯಿ ಮುಚ್ಚಿಡದೆ ಹೇಳಿದ್ದಾಳೆ. ಬಂದರೆ ಬರಲಿ. ನಿಮ್ಮ ಅವ್ವನಿಗೆ ಈಗಲೇ ಹೇಳಿಟ್ಟಿದ್ದೇನೆ: ಬೆಳಿಗ್ಗೆ ಬೇಗ ಚುಚ್ಚಿಬಿಡು, ಬಾಣಂತಿಯ ಮಗು ಈಗ ಗಟ್ಟಿ ಊಟ ಸುರು ಮಾಡಿದೆ, ಅದಕ್ಕೆ ಎಳೆಯ ಗಜ್ಜರಿ ಬೇಕು, ತಡವಾದರೆ ಒಳ್ಳೆಯವು ಹೋಗಿಬಿಡುತ್ತವೆ. ಕಣ್ಣು ಮುಚ್ಚಿಕೊಂಡು ನಿಲ್ಲುತ್ತೇನೆ. ಫೀ ಎಷ್ಟು ಎಂದು ಕೇಳುವಷ್ಟು ಧೈರ್ಯ ಮಾತ್ರ ನನಗೆ ಇನ್ನೂ ಬಂದಿಲ್ಲ.

ಈ ಹಾಳೆಗಳನ್ನು ಚಿನ್ನೂ ನಿನ್ನ ಪುಸ್ತಕಗಳ ನಡುವೆ ಇಟ್ಟುಕೋ. ಗುಂಡ್ಯಾನಿಗೆ ಓದಿ ತೋರಿಸಿ ಮರಳಿ ಅ‍ಲ್ಲಿಯೇ ಇಡು, ಅವನ ಕೈಗೆ ಬಿಟ್ಟರೆ ವಿಮಾನವಾಗುತ್ತವೆ. ಅಡುಗೆಮನೆಯ ಕಡೆ ಮಾತ್ರ ತರಬೇಡಿ. ಕೊತ್ತಂಬರಿ ಸುತ್ತಿಡಲು ನಿಮ್ಮ ಅವ್ವ ಯಾವಾಗಲೂ ಕಾಗದ ಹುಡುಕುತ್ತಿರುತ್ತಾಳೆ.